ಎತ್ತಿಗೆ ಜ್ವರ, ಎಮ್ಮೆಗೆ ಅಜಿತ್ರೋ

ಮಳೆಗಾಲದಲ್ಲಿ ನಮ್ಮ ಬಡಾವಣೆಯ ಮೆಡಿಕಲ್ ಶಾಪಿನ ಮುಂದೆ ನಿಂತರೆ ದೇವಸ್ಥಾನದ ಪ್ರಸಾದದ ಸಾಲು ನೆನಪಾಗುತ್ತದೆ. ಯಾರು ಬಂದರೂ ಅದೇ ಪ್ರಸಾದ. ಬಂದವರು ಕೆಮ್ಮುತ್ತಾರೆ. ಕೌಂಟರಿನ ಹುಡುಗ ಮೊಬೈಲಿನಿಂದ ತಲೆ ಎತ್ತುವುದಿಲ್ಲ. ಕೆಮ್ಮಿನ ಸದ್ದು ಕೇಳಿದರೆ ಸಾಕು, ಕೈ ತಾನಾಗಿ ಹಿಂದಿನ ಡ್ರಾಯರಿಗೆ ಹೋಗಿ ಮೂರು ಮಾತ್ರೆಯ ಸ್ಟ್ರಿಪ್ ಒಂದನ್ನು ಎಳೆಯುತ್ತದೆ. "ಅಜಿತ್ರೋ ಐನೂರು. ದಿನಕ್ಕೊಂದು. ಸಿರಪ್ ಕೊಡ್ಲಾ?"

ಮೊನ್ನೆ ನನ್ನ ಮುಂದೆ ಪಕ್ಕದ ಮನೆ ರಾಯರು ನಿಂತಿದ್ದರು. "ಎರಡೇ ಸಾಕಪ್ಪ, ಒಂದು ಮನೇಲಿದೆ" ಎಂದರು. ಹುಡುಗ ಕತ್ತರಿ ತೆಗೆದ. ಸ್ಟ್ರಿಪ್ಪಿನ ಅಂಚಿನಲ್ಲಿ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ, ನೋಡಿದ್ದೀರಲ್ಲ? ಅದು ಸುಮ್ನೆ ಅಂದಕ್ಕೆ ಹಾಕಿದ್ದಲ್ಲ. ಡಾಕ್ಟರ ಚೀಟಿ ಇಲ್ಲದೆ ಇದನ್ನು ನುಂಗಬೇಡಿ ಅಂತ ಜನಕ್ಕೆ ಹೇಳಲು 2016ರಲ್ಲಿ ಕೇಂದ್ರ ಸರ್ಕಾರ ಆ ಗೆರೆಯ ಹೆಸರಲ್ಲಿ ಒಂದು ಅಭಿಯಾನವನ್ನೇ ನಡೆಸಿತ್ತು. ನಮ್ಮ ಹುಡುಗನಿಗೆ ಅದು ಕತ್ತರಿ ಎಲ್ಲಿಂದ ಶುರು ಮಾಡಬೇಕು ಅಂತ ತೋರಿಸುವ ಗುರುತು. ಕಚಕ್. ರಾಯರು ಎರಡು ಮಾತ್ರೆ ಜೇಬಿಗಿಳಿಸಿ ಹೊರಟರು.

ಮಳೆಗಾಲದ ಈ ಜ್ವರ, ಮೈಕೈ ನೋವು, ಗಂಟಲು ಕೆರೆತ ಬಹುಪಾಲು ವೈರಸ್ಸಿನ ಕೆಲಸ. ಫ್ಲೂ ಅಂತೂ ಪೂರ್ತಿ ವೈರಸ್ಸೇ. ಅಜಿತ್ರೋಮೈಸಿನ್ ಬ್ಯಾಕ್ಟೀರಿಯಾಗೆ ಮಾಡಿದ ಮದ್ದು, ಅಂದರೆ ಆಂಟಿಬಯಾಟಿಕ್. ವೈರಸ್ಸಿಗೂ ಅದಕ್ಕೂ ಮುಖ ಪರಿಚಯವೂ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಅಂತ ನಾವು ಹಳೇ ಕಾಲದವರನ್ನು ನೋಡಿ ನಗುತ್ತೇವೆ. ಇಲ್ಲೂ ಎರಡೂ ಒಂದೇ ಕೊಟ್ಟಿಗೆಯಲ್ಲಿವೆ. ಮೂಗಿನಲ್ಲಿ ಎತ್ತು ಕುಣಿಯುತ್ತಿದ್ದರೆ, ಹೊಟ್ಟೆಯಲ್ಲಿ ತನ್ನ ಪಾಡಿಗೆ ಮೆಲುಕು ಹಾಕುತ್ತಿದ್ದ ಬ್ಯಾಕ್ಟೀರಿಯಾಗೆ ಬರೆ ಬೀಳುತ್ತದೆ. ಸತ್ತವು ಸತ್ತವು. ಬದುಕಿ ಉಳಿದವು ಬರೆಯನ್ನೇ ಅಭ್ಯಾಸ ಮಾಡಿಕೊಳ್ಳುತ್ತವೆ. ಮುಂದೆ ನಿಜವಾಗಿ ಎಮ್ಮೆಗೇ ಜ್ವರ ಬಂದ ದಿನ ಬರೆ ನಾಟುವುದಿಲ್ಲ.

ಇಷ್ಟು ಹೇಳಿದರೆ ರಾಯರ ಉತ್ತರ ರೆಡಿ. "ಅಲ್ಲಯ್ಯ, ಮೂರನೇ ದಿನಕ್ಕೆ ಜ್ವರ ಬಿಡುತ್ತಲ್ಲ?" ಬಿಡುತ್ತದೆ. ತನ್ನ ಕೋಳಿ ಕೂಗಿದ್ದಕ್ಕೇ ಊರಿಗೆ ಬೆಳಗಾಯಿತು ಅಂದುಕೊಂಡಿದ್ದ ಅಜ್ಜಿಯೂ ದಿನಾ ಕಣ್ಣಾರೆ ನೋಡಿಯೇ ಹೇಳುತ್ತಿದ್ದಳು. ಫ್ಲೂ ಜ್ವರ ಸಾಮಾನ್ಯವಾಗಿ ಮೂರ್ನಾಲ್ಕು ದಿನದಲ್ಲಿ ಇಳಿಯುವಂಥದ್ದು. ಮಾತ್ರೆಯೂ ಮೂರು ದಿನದ್ದು. ಇಷ್ಟು ಚೆನ್ನಾಗಿ ಕೂಗುವ ಕೋಳಿ ಆ ಅಜ್ಜಿಗೂ ಸಿಕ್ಕಿರಲಿಲ್ಲ.

ಇದಕ್ಕಿಂತ ಚಂದದ ವಿಷಯ ಬೇರೆ ಇದೆ. ಫ್ಲೂ ವೈರಸ್ಸಿಗೇ ಅಂತ ಇರುವ ಮಾತ್ರೆಯ ಹೆಸರು ಒಸೆಲ್ಟಾಮಿವಿರ್. ಜ್ವರ ಶುರುವಾಗಿ ಎರಡು ದಿನದೊಳಗೆ ಕೊಟ್ಟರೆ ಅದರ ಕೆಲಸ ಜಾಸ್ತಿ. ಅದನ್ನು ನಮ್ಮ ದೇಶದಲ್ಲಿ 2017ರ ತನಕ ಔಷಧ ಕಾನೂನಿನ ಅತಿ ಬಿಗಿಯಾದ ಎಕ್ಸ್ ಪಟ್ಟಿಯಲ್ಲಿ ಇಟ್ಟಿದ್ದರು. ವಿಶೇಷ ಲೈಸೆನ್ಸ್ ಇದ್ದ ಅಂಗಡಿಯಲ್ಲಿ ಮಾತ್ರ ಸಿಗುತ್ತಿತ್ತು. ಎರಡು ದಿನ ಆ ಅಂಗಡಿ ಹುಡುಕುವುದರಲ್ಲೇ ಕಳೆಯುತ್ತಿತ್ತು. ಅಂದರೆ ಎತ್ತಿನ ಮದ್ದು ಬೀಗದೊಳಗೆ, ಎಮ್ಮೆಯ ಮದ್ದು ಪೆಪ್ಪರ್‌ಮಿಂಟ್ ಡಬ್ಬದಲ್ಲಿ.

ಈ ಗೊಂದಲವನ್ನು ನಾವೇ ಹುಟ್ಟುಹಾಕಿದೆವು ಅಂತ ಹೇಳಿದರೆ ನಮಗೆ ಅನ್ಯಾಯ. ವಿಜ್ಞಾನಿಗಳದ್ದೂ ಪಾಲಿದೆ. ರಿಚರ್ಡ್ ಫೈಫರ್ ಎಂಬ ಜರ್ಮನ್ ಪಂಡಿತ 1892ರಲ್ಲಿ ಫ್ಲೂ ರೋಗಿಗಳ ಕಫದಲ್ಲಿ ಒಂದು ಬ್ಯಾಕ್ಟೀರಿಯಾ ಕಂಡು ಇವನೇ ಕಳ್ಳ ಎಂದರು. 1918ರಲ್ಲಿ ಫ್ಲೂ ಬಂದು ನಮ್ಮ ದೇಶವೊಂದರಲ್ಲೇ ಕೋಟಿಗೂ ಜಾಸ್ತಿ ಜನ ಸತ್ತಾಗಲೂ ಎಷ್ಟೋ ಡಾಕ್ಟರುಗಳು ಇವನ ಹಿಂದೆಯೇ ಓಡಾಡಿದರು. ಕೊನೆಗೆ 1933ರಲ್ಲಿ ಲಂಡನ್ನಿನಲ್ಲಿ ಫೆರೆಟ್ ಎಂಬ ಮುಂಗುಸಿಯಂಥ ಪ್ರಾಣಿಗೆ ಫ್ಲೂ ಅಂಟಿಸಿ ನೋಡಿದಾಗ ನಿಜವಾದ ಕಳ್ಳ, ಅಂದರೆ ವೈರಸ್, ಸಿಕ್ಕಿಬಿದ್ದ. ಆಮೇಲೆ ಅಲ್ಲೇ ಒಂದು ಫೆರೆಟ್ ವಿಜ್ಞಾನಿಯೊಬ್ಬರ ಮುಖಕ್ಕೇ ಸೀನಿ ಅವರನ್ನೂ ಮಲಗಿಸಿತು. ಅಷ್ಟು ಸಾಕ್ಷಿ ಸಿಕ್ಕಿದರೂ ಮೊದಲು ಹಿಡಿದವನ ಎಫ್‌ಐಆರ್ ಯಾರೂ ಹರಿಯಲಿಲ್ಲ. ಆ ಬ್ಯಾಕ್ಟೀರಿಯಾದ ಹೆಸರು ಇವತ್ತಿಗೂ ಹಿಮೋಫಿಲಸ್ ಇನ್‌ಫ್ಲುಯೆಂಜೆ! ಅವನೇನು ಸಾಚಾ ಅಲ್ಲ, ಮಕ್ಕಳಿಗೆ ನ್ಯುಮೋನಿಯಾ, ಮೆದುಳು ಪೊರೆಯ ಸೋಂಕು ತರುವವನೇ. ಆದರೆ ಫ್ಲೂ ಕೇಸಿನಲ್ಲಿ ಅವನ ಕೈವಾಡ ಇಲ್ಲ.

ಅದಕ್ಕೇ ಮೇಲಿನ ಮನೆಯ ಹುಡುಗಿ ಮಗುವಿನ ಲಸಿಕೆ ಪುಸ್ತಕ ತಂದು ತೋರಿಸಿದಾಗ ನನಗೆ ಸಿಟ್ಟು ಬರಲಿಲ್ಲ. "ನೋಡಿ ಅಂಕಲ್, ಆರನೇ ವಾರದಲ್ಲೇ ಇನ್‌ಫ್ಲುಯೆಂಜಾ ಹಾಕಿಸಿಬಿಟ್ಟಿದ್ದೀವಿ." ಅವಳು ಬೆರಳಿಟ್ಟಿದ್ದು ಹಿಬ್, ಅಂದರೆ ಹಿಮೋಫಿಲಸ್ ಇನ್‌ಫ್ಲುಯೆಂಜೆ ಬಿ, ಎಂಬ ಸಾಲಿನ ಮೇಲೆ. ಅದು ಆ ಫೈಫರ್ ಹಿಡಿದ ಬ್ಯಾಕ್ಟೀರಿಯಾಗೆ ಹಾಕುವ ಲಸಿಕೆ. ಸರ್ಕಾರ ಪುಕ್ಕಟೆ ಕೊಡುವ ಪಟ್ಟಿಯಲ್ಲಿ ಹಿಬ್ ಇದೆ, ಫ್ಲೂ ಇಲ್ಲ. ಹೆಸರು ಅವನದು, ಕಾಯಿಲೆ ಇವನದು. ಎಮ್ಮೆಗೆ ಎತ್ತು ಅಂತಲೇ ನಾಮಕರಣ ಮಾಡಿದ ಮೇಲೆ ಬರೆ ಎಳೆಯುವವನನ್ನು ಏನಂತ ಬೈಯುವುದು?

ಸರಿ, ಓದಿದವರ ಕಡೆ ಹೋಗೋಣ ಎಂದು ಡಾಕ್ಟರ್ ಗೆಳೆಯನೊಬ್ಬನ ಜೊತೆ ಒಂದು ಸಿಎಂಇಗೆ ಹೋಗಿದ್ದೆ. ಡಾಕ್ಟರುಗಳು ಕಾಲೇಜು ಬಿಟ್ಟ ಮೇಲೂ ಓದುತ್ತಿರಲಿ ಅಂತ ಮಾಡುವ ತರಬೇತಿ ಅದು. ಐದು ವರ್ಷಕ್ಕೆ 30 ಕ್ರೆಡಿಟ್ ಗಂಟೆ ಸೇರಿಸಬೇಕು. ದೊಡ್ಡ ಹೋಟೆಲಿನ ಹಾಲ್. ಸ್ವೆಟರ್ ಬೇಕು ಅನ್ನುವಷ್ಟು ಎಸಿ. ವಿಷಯ: ಉಸಿರಾಟದ ಸೋಂಕಿನಲ್ಲಿ ಆಂಟಿಬಯಾಟಿಕ್‌ನ ವಿವೇಕದ ಬಳಕೆ. ಬಾಗಿಲಲ್ಲಿ ಎಲ್ಲರಿಗೂ ಒಂದು ಬ್ಯಾಗು, ಒಂದು ಪೆನ್ನು. ಪೆನ್ನಿನ ಮೇಲೆ ಒಂದು ಆಂಟಿಬಯಾಟಿಕ್‌ನ ಹೆಸರು.

ಮಾತಾಡಿದ ಮೇಡಂ ಮಾತ್ರ ಗಟ್ಟಿಗಿತ್ತಿ. ವೈರಸ್ಸಿಗೆ ಅಜಿತ್ರೋ ಬರೆಯಬೇಡಿ ಅಂತ ಮೂರು ಸಲ ಹೇಳಿದರು. 2023ರ ಮಾರ್ಚಿನಲ್ಲಿ ಎಚ್3ಎನ್2 ಎಂಬ ಫ್ಲೂ ವೈರಸ್ಸಿನ ಗಲಾಟೆ ಎದ್ದಾಗ ಭಾರತೀಯ ವೈದ್ಯಕೀಯ ಸಂಘ ಇದನ್ನೇ ಹೇಳಿತ್ತು ಅಂತ ನೆನಪಿಸಿದರು. ಎಲ್ಲರೂ ತಲೆಯಾಡಿಸಿ ಆ ಪೆನ್ನಿನಲ್ಲೇ ಬರೆದುಕೊಂಡರು. ಆಮೇಲೆ ಅವರು ಕೇಳಿದರು, "ಈ ವರ್ಷ ಫ್ಲೂ ಲಸಿಕೆ ಹಾಕಿಸಿಕೊಂಡವರು ಕೈ ಎತ್ತಿ." ನಾಲ್ಕು ಕೈ ಎದ್ದವು. ಅದರಲ್ಲೊಂದು ಕಾಫಿಯವನನ್ನು ಕರೆಯಲು ಎದ್ದದ್ದು. ನನ್ನ ಪಕ್ಕ ಕೂತವರು ಕರ್ಚೀಫಿನೊಳಗೆ ಕೆಮ್ಮುತ್ತಿದ್ದರು. "ಹುಷಾರಿಲ್ವಾ ಸಾರ್?" ಎಂದೆ. "ಏನಿಲ್ಲ, ವೈರಲ್ಲು" ಎಂದವರು ದನಿ ತಗ್ಗಿಸಿ, "ನಿನ್ನೆಯಿಂದ ಅಜಿತ್ರೋ ಶುರು ಮಾಡ್ಕೊಂಡಿದೀನಿ. ಯಾಕೆ ರಿಸ್ಕು?" ಎಂದರು.

ಊಟದ ಹೊತ್ತಿಗೆ ಹಾಜರಿ ಹಾಕಿ ಮುಗಿದಿತ್ತು. ಐಸ್‌ಕ್ರೀಮ್ ಕೌಂಟರಿನಲ್ಲಿ ಉದ್ದ ಸಾಲು.

ಅಲ್ಲಿಂದ ಬಂದವನೇ ಲಸಿಕೆ ಹಾಕಿಸಿಕೊಳ್ಳೋಣ ಅಂತ ನಿರ್ಧಾರ ಮಾಡಿದೆ. ಅದರಲ್ಲೂ ಒಂದು ತಮಾಷೆ. ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ಕೂತು ಲಸಿಕೆಯಲ್ಲಿ ಯಾವ ಯಾವ ವೈರಸ್ ಇರಬೇಕು ಅಂತ ತೀರ್ಮಾನಿಸುತ್ತದೆ. ಫೆಬ್ರವರಿಯಲ್ಲಿ ಉತ್ತರ ಗೋಳಕ್ಕೆ, ಸೆಪ್ಟೆಂಬರಿನಲ್ಲಿ ದಕ್ಷಿಣ ಗೋಳಕ್ಕೆ. ಭೂಗೋಳದ ಪ್ರಕಾರ ಬೆಂಗಳೂರು ಉತ್ತರ ಗೋಳದಲ್ಲಿದೆ. ಫ್ಲೂ ಮಾತ್ರ ಭೂಗೋಳ ಓದಿಲ್ಲ. ಕಾಶ್ಮೀರದಲ್ಲಿ ಚಳಿಗಾಲಕ್ಕೆ ಬರುತ್ತದೆ, ನಮ್ಮ ಕಡೆ ಮಳೆ ಹಿಡಿದುಕೊಂಡು ಬರುತ್ತದೆ. ಹಾಗಾಗಿ ಮಳೆಗಾಲಕ್ಕೆ ಮುಂಚೆ, ಏಪ್ರಿಲ್-ಮೇನಲ್ಲಿ, ದಕ್ಷಿಣ ಗೋಳದ ಲಸಿಕೆ ಹಾಕಿಸಿಕೊಂಡರೆ ನಮಗೆ ಲಾಭ ಅಂತ ತಿಳಿದವರು ಹೇಳುತ್ತಾರೆ. ಫ್ಲೂ ವಿಷಯದಲ್ಲಿ ನಾವು ಆಸ್ಟ್ರೇಲಿಯಾದವರ ನೆಂಟರು.

ಡಬ್ಬಿಯ ಮೇಲೆ ನಾಲ್ಕು ವೈರಸ್ಸಿನ ಹೆಸರಿತ್ತು. ಅದರಲ್ಲಿ ಬಿ ಯಾಮಗಾಟ ಎಂಬುವನು 2020ರ ಮಾರ್ಚ್ ಆದ ಮೇಲೆ ಪ್ರಪಂಚದಲ್ಲಿ ಎಲ್ಲೂ ಖಾತ್ರಿಯಾಗಿ ಕಂಡಿಲ್ಲ. ಕರೋನಾ ಕಾಲದಲ್ಲಿ ಎಲ್ಲರೂ ಮನೆಯಲ್ಲಿ ಕೂತಾಗ ಅವನು ಊರೇ ಬಿಟ್ಟ. ಆದರೂ ರೇಷನ್ ಕಾರ್ಡಿನಲ್ಲಿ ಹೆಸರು ಹಾಗೇ ಇತ್ತು. 2023ರ ಸೆಪ್ಟೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇನ್ನು ಇವನ ಪಾಲು ಬೇಡ ಎಂದಿತು. ಮೂರೂವರೆ ವರ್ಷದಲ್ಲಿ ಹೆಸರು ತೆಗೆಸಿದರಲ್ಲ, ಅದೇ ದೊಡ್ಡದು. ನಮ್ಮ ವಾರ್ಡಿನ ಮತದಾರರ ಪಟ್ಟಿಯಲ್ಲಿ ನಮ್ಮ ಅಜ್ಜ ಇನ್ನೂ ಇದ್ದಾರೆ.

ವಿಷಯ ತಿಳಿದು ರಾಯರು ಗೇಟಿನ ಹತ್ತಿರ ನಿಲ್ಲಿಸಿಕೊಂಡರು. "ಎರಡು ಸಾವಿರದ ಹತ್ತಿರ ಕೊಟ್ಟು ಚುಚ್ಚಿಸ್ಕೊಂಡ್ಯಾ? ಗ್ಯಾರಂಟಿ ಇದೆಯಾ?" ನೂರಕ್ಕೆ ನೂರು ಇಲ್ಲ, ಒಳ್ಳೆಯ ವರ್ಷದಲ್ಲಿ 40ರಿಂದ 60 ಅಂತಾರೆ, ಆಸ್ಪತ್ರೆ ಸೇರುವುದು ಕಡಿಮೆಯಾಗುತ್ತೆ ಎಂದೆ. ಅವರು ಪಾಪ ಅನ್ನುವಂತೆ ನನ್ನನ್ನು ನೋಡಿದರು. ಇದೇ ರಾಯರು ಕೆರೆ ಅಂಗಳದ ಲೇಔಟಿನಲ್ಲಿ ಬಿ ಖಾತಾ ಸೈಟು ಕೊಂಡವರು. ಅಲ್ಲಿ ಗ್ಯಾರಂಟಿ ಕೇಳಿದ್ದಂತೂ ನನಗೆ ನೆನಪಿಲ್ಲ.

ಅದೇ ವಾರ ಎದುರುಮನೆಗೆ ಸುಣ್ಣ-ಬಣ್ಣ ಶುರುವಾಯಿತು. ಗೋಡೆ ಕೆರೆದ ದೂಳಿಗೆ ನಾಲ್ಕು ಸೀನು ಸೀನಿದೆ. ಐದನೆಯದಕ್ಕೆ ಮೊದಲೇ ಕಾಂಪೌಂಡಿನ ಆಚೆಯಿಂದ ರಾಯರ ಮನೆಯಾಕೆಯ ದನಿ. "ನೋಡಿದ್ಯಾ? ಸುಮ್ನೆ ಇರೋದು ಬಿಟ್ಟು ಚುಚ್ಚಿಸ್ಕೊಂಡೆ, ಈಗ ಶುರುವಾಯ್ತು." ಸತ್ತ ವೈರಸ್ಸಿನ ಲಸಿಕೆಯಿಂದ ಫ್ಲೂ ಬರಲ್ಲ ಆಂಟಿ ಅಂತ ಹೇಳುವಷ್ಟರಲ್ಲಿ ಆರನೇ ಸೀನು ಬಂದು ನನ್ನ ವಾದವೇ ಬಿದ್ದುಹೋಯಿತು.

ಸಂಜೆ ಆಂಟಿ ಮೆಣಸಿನ ಸಾರು ತಂದರು. ಸ್ಟೀಲ್ ಡಬ್ಬಿಯ ಮುಚ್ಚಳದ ಮೇಲೆ ಒಂದು ಮಾತ್ರೆ. ಕತ್ತರಿಯಲ್ಲಿ ಕತ್ತರಿಸಿದ ಅಂಚು, ಅದರ ಮೇಲೆ ಬೆರಳುಗುರಿನಷ್ಟು ಉದ್ದದ ಕೆಂಪು ಗೆರೆ. "ನಮ್ಮೆಜಮಾನ್ರಿಗೆ ಎರಡಕ್ಕೇ ವಾಸಿಯಾಯ್ತು. ಒಂದು ಉಳಿದಿತ್ತು, ವೇಸ್ಟ್ ಯಾಕೆ ಅಂತ."

ಸಾರು ಕುಡಿದೆ. ಮಾತ್ರೆಯನ್ನು ಫ್ರಿಜ್ಜಿನ ಮೇಲಿಟ್ಟೆ. ಬೆಳಿಗ್ಗೆ ಇಸ್ತ್ರಿ ಬಟ್ಟೆ ಕೊಡಲು ಬಂದ ಹುಡುಗ ಬಾಗಿಲಲ್ಲೇ ಎರಡು ಸಲ ಕೆಮ್ಮಿ, ಒಳಗೆ ಇಣುಕಿ ನೋಡಿದ.

"ಸಾರ್, ಅದು ಅಜಿತ್ರೋನಾ? ನಿಮಗೆ ಬೇಡ್ವಾ?"