ಎದೆ ಡವಡವ ಅಂತಿದೆ ಅಂದ್ರೆ ಮೊದಲು ನಾಡಿ ಎಣಿಸಿ

ನಾನು ಮುಂಬೈಲಿ ನರ್ಸ್, ನೈಟ್ ಡ್ಯೂಟಿ ಮುಗಿಸಿ ಡೊಂಬಿವಲಿ ಲೋಕಲ್ ಟ್ರೈನ್‌ನಲ್ಲಿ ಕೂತು ಟೈಪ್ ಮಾಡ್ತಿದೀನಿ. ಮನೆಗೆ ಹೋಗಿ ಮಲಗಿದ್ರೂ ಇವತ್ತು ನಿದ್ದೆ ಬರಲ್ಲ, ಅಷ್ಟು ಸಿಟ್ಟಿದೆ.

ನಿನ್ನೆ ರಾತ್ರಿ ಒಬ್ಬ ಹೆಣ್ಮಗಳನ್ನ ಕರ್ಕೊಂಡು ಬಂದ್ರು, ವಿಜಯಪುರದ ಕಡೆಯವಳು, ಬೇರೆ ಕಡೆ ಸ್ಲೀವ್ ಸರ್ಜರಿ ಆಗಿ ಐದನೇ ದಿನ. ತೂಕ ಇಳಿಸೋಕೆ ಜಠರದ ಮುಕ್ಕಾಲು ಪಾಲು ಕತ್ತರಿಸಿ ತೆಗೆದು, ಉಳಿದದ್ದನ್ನ ಬಾಳೆಕಾಯಿ ಆಕಾರಕ್ಕೆ ಸ್ಟೇಪಲ್ ಹೊಡೆದು ಮುಚ್ಚೋ ಆಪರೇಷನ್ ಅದು. ಕನ್ನಡ ಕೇಳಿದ್ದೇ ತಡ ನನ್ನ ಕೈ ಹಿಡ್ಕೊಂಡ್ಲು, "ಎದಿ ಡವಡವ ಹೊಡ್ಕೊಳ್ಳಾಕತ್ತೈತ್ರೀ ಅಕ್ಕಾರ, ಯಾರೂ ನಂಬವಲ್ರು." ಎರಡು ದಿನದಿಂದ ಹೇಳ್ತಾನೇ ಇದಾಳೆ. ಮನೆ ಹತ್ರದ ಡಾಕ್ಟರ್ ಗ್ಯಾಸ್ ಮಾತ್ರೆ ಕೊಟ್ರಂತೆ, ಮನೆಯವರು ದಪ್ಪ ಇದ್ದೋರಿಗೆ ಹಂಗೇ ಅಂದ್ರಂತೆ. ನಾಡಿ 130! ಜ್ವರ ಇಲ್ಲ, ಹೊಟ್ಟೆ ಒತ್ತಿದ್ರೆ ಮೆತ್ತಗೇ ಇದೆ.

ಮೋಸ ಆಗೋದೇ ಇಲ್ಲಿ. ತೂಕ ತುಂಬಾ ಇರೋರಲ್ಲಿ ಒಳಗೆ ಸ್ಟೇಪಲ್ ಹೊಡೆದ ಜಾಗ ಬಿಟ್ಕೊಂಡು ಲೀಕ್ ಆದ್ರೂ ಹೊಟ್ಟೆ ಗಟ್ಟಿ ಆಗದೇ ಇರಬಹುದು, ಜ್ವರಾನೂ ಬರದೇ ಇರಬಹುದು, ಎಷ್ಟೋ ಸಲ ಮೊದಲು ಮಾತಾಡೋದು ನಾಡಿ ಒಂದೇ. 120 ದಾಟಿ ಇಳೀತಿಲ್ಲ ಅಂದ್ರೆ ಕಾಯೋ ಹಾಗೇ ಇಲ್ಲ.

ನೋವಿಗೂ ನಾಡಿ ಏರುತ್ತೆ, ನೀರು ಕಮ್ಮಿ ಕುಡಿದ್ರೂ ಏರುತ್ತೆ ಅಂತೀರಾ? ಏರುತ್ತೆ, ಒಪ್ಪಿದೆ. ಹಾಗಾದ್ರೆ ಲೀಕ್ ಅಲ್ಲ ಅಂತ ಪಕ್ಕಾ ಮಾಡ್ಕೊಂಡು ಆಮೇಲೆ ನೋವು ಅನ್ನಿ. ಸೀಟಿ ಸ್ಕ್ಯಾನ್ ಕ್ಲಿಯರ್ ಬಂದ್ರೂ ಲೀಕ್ ಇರಬಹುದು, ಅದಕ್ಕೇ ಅನುಭವಸ್ಥ ಸರ್ಜನ್‌ಗಳು ಅನುಮಾನ ಹೋಗ್ಲಿಲ್ಲ ಅಂದ್ರೆ ಮತ್ತೆ ಹೊಟ್ಟೆಯೊಳಗೆ ಕ್ಯಾಮೆರಾ ಹಾಕಿ ನೋಡ್ತಾರೆ. ನಿನ್ನೆ ನಮ್ಮೋರೂ ಹಾಗೇ ಮಾಡಿದ್ರು. ಅನ್ನನಾಳ ಸೇರೋ ಜಾಗದ ಹತ್ರ ಲೀಕ್, ಹೆಚ್ಚಾಗಿ ಅಲ್ಲೇ ಆಗೋದು.

2017ರಲ್ಲಿ ಈಜಿಪ್ಟಿಂದ ಒಬ್ಬ ಹೆಣ್ಮಗಳನ್ನ ತೂಕ ಇಳಿಸೋ ಸರ್ಜರಿಗೆ ಅಂತ ಇದೇ ಮುಂಬೈಗೆ ತಂದಾಗ ಟೀವಿಯವರು ಕ್ರೇನು, 500 ಕೆ.ಜಿ, ಇದನ್ನೇ ತಿರುಗಿಸಿ ತಿರುಗಿಸಿ ತೋರಿಸಿದ್ರು. ನಾವೂ ಹಾಗೇ, ತೂಕ ಕಂಡ್ರೆ ಸಾಕು, ಆಮೇಲೆ ಆ ಮನುಷ್ಯ ಏನು ಹೇಳಿದ್ರೂ ಕಿವಿಗೆ ಬೀಳಲ್ಲ.

ನಾನೂ ಮಾಡಿದೀನಿ ಇದನ್ನ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದೇ ಥರ ಸರ್ಜರಿ ಆದ ಒಬ್ಬರು ಉಸಿರಾಡೋಕೆ ಆಗ್ತಿಲ್ಲ ಸಿಸ್ಟರ್ ಅಂದಾಗ, ತೂಕ ಇದೆಯಲ್ಲಣ್ಣ, ಸ್ವಲ್ಪ ಹೊತ್ತು ಮಲಗಿ ಅಂದುಬಿಟ್ಟಿದ್ದೆ. ಕಾಲಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿತ್ತು. ಅವ್ರನ್ನ ಆಪರೇಷನ್ ದಿನಾನೇ ಎಬ್ಬಿಸಿ ನಡೆಸಬೇಕಿತ್ತು, ನೋವು ಅಂದ್ರು ಅಂತ ನಾನೇ ಬಿಟ್ಟಿದ್ದೆ. ರೌಂಡ್ಸಿಗೆ ಬಂದ ಡಾಕ್ಟರ್ ಗುರುತಿಸಿದ್ರು, ಅವ್ರು ಉಳಿದ್ರು. ಆ "ಮಲಗಿ" ಅನ್ನೋ ಮಾತು ಇವತ್ತಿಗೂ ನನ್ನ ಬಿಟ್ಟಿಲ್ಲ.

ಇಂಥ ಆಪರೇಷನ್ ಆದೋರು ನಿಮ್ಮನೇಲಿದ್ರೆ ಕೈ ಹಿಡಿದು ನಾಡಿ ಎಣಿಸಿ. ಜಾಸ್ತಿ ಇದ್ರೆ ಗ್ಯಾಸ್ ಮಾತ್ರೆಗೆ ಓಡಬೇಡಿ, ಆಪರೇಷನ್ ಮಾಡಿದ ಸರ್ಜನ್‌ಗೇ ಫೋನ್ ಮಾಡಿ. ದಿನಗಟ್ಟಲೆ ವಾಂತಿ ಆಗ್ತಿದ್ರೆ ಬರೀ ಗ್ಲೂಕೋಸ್ ಡ್ರಿಪ್ ಹಾಕಿಸಬೇಡಿ, ಮೊದಲು ಬಿ1 ವಿಟಮಿನ್ ಕೊಡಿ ಅಂತ ಬಾಯಿಬಿಟ್ಟು ಕೇಳಿ, ಇಲ್ಲಾಂದ್ರೆ ಮೆದುಳಿಗೇ ಪೆಟ್ಟು ಬೀಳಬಹುದು.

ಠಾಣೆ ದಾಟ್ತಿದ್ದಂಗೆ ಐಸಿಯುಗೆ ಫೋನ್ ಮಾಡಿದೆ. ಅವಳ ನಾಡಿ 108ಕ್ಕೆ ಇಳಿದಿದೆಯಂತೆ. ಇನ್ನೂ ಇಳೀಬೇಕು.