ಒಂದು ಲ್ಯಾಪ್‌ಟಾಪಿನ ಪೋಡಿ ಪ್ರಕರಣ

ನಮ್ಮ ಮಾವನವರು ಸರ್ವೆ ಇಲಾಖೆಯಲ್ಲಿ ಭೂಮಾಪಕರಾಗಿದ್ದು ನಿವೃತ್ತರಾದವರು. ತಿಪಟೂರಿನ ಕಡೆಯವರು. ಯಾರ ಮನೆಗೆ ಹೋದರೂ ಮೊದಲು ಕಾಂಪೌಂಡನ್ನು ಕಣ್ಣಲ್ಲೇ ಅಳೆದು, "ಪಕ್ಕದವರು ಒಂದಡಿ ಈಚೆ ಬಂದಿದ್ದಾರೆ" ಎಂದು ತೀರ್ಪು ಕೊಟ್ಟ ಮೇಲೆಯೇ ಚಪ್ಪಲಿ ಬಿಡುವುದು. ಅಂಥವರು ಕಣ್ಣಿನ ಪೊರೆ ತೆಗೆಸಲೆಂದು ಮೈಸೂರಿನ ನಮ್ಮ ಮನೆಗೆ ಬಂದು, ಕಪ್ಪು ಕನ್ನಡಕ ಹಾಕಿಕೊಂಡು ಹದಿನೈದು ದಿನ ಕುಳಿತಿದ್ದಾಗಲೇ ನಾನು ಲ್ಯಾಪ್‌ಟಾಪನ್ನು ಪಾಲು ಮಾಡಲು, ಅವರ ಇಲಾಖೆಯ ಭಾಷೆಯಲ್ಲಿ ಪೋಡಿ ಮಾಡಲು, ಹೊರಟದ್ದು ನನ್ನ ಗ್ರಹಚಾರ.

ಪಾಲಿಗೆ ಕಾರಣವಿತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲದ ಅವಧಿ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ, 2017ರಲ್ಲಿ ಕೊಂಡ ನನ್ನ ಲ್ಯಾಪ್‌ಟಾಪಿನ ಪ್ರೊಸೆಸರ್ ಏಳನೆಯ ತಲೆಮಾರಿನದು, ಅದು ಕೇಳುವುದು ಎಂಟನೆಯದನ್ನು. ಹುಡುಗ ಒಳ್ಳೆಯವನೇ, ಜಾತಕ ಕೂಡಿಬರಲಿಲ್ಲ ಎನ್ನುವ ಹಾಗಾಯಿತು. ಸರಿ, ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿಬಿಡುತ್ತೇನೆ ಎಂದು ಘೋಷಿಸಿದೆ. ಮನೆಯಾಕೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಅವಳ ಹತ್ತು ವರ್ಷದ ಪ್ರಶ್ನೆಪತ್ರಿಕೆಗಳೆಲ್ಲ 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿವೆ. ಆ ಫಾಂಟ್ ಇಲ್ಲದ ಕಡೆ ಅವುಗಳನ್ನು ತೆರೆದರೆ ಹಳೆಗನ್ನಡವೂ ಇಲ್ಲ, ಹೊಸಗನ್ನಡವೂ ಇಲ್ಲ, ತಲೆಯ ಮೇಲೆ ಟೊಪ್ಪಿ, ಬಾಲಕ್ಕೆ ಕೊಕ್ಕೆ ಇರುವ ಇಂಗ್ಲಿಷ್ ಅಕ್ಷರಗಳ ಸಂತೆ.

"ರೀ, ವಿಂಡೋಸ್ ತೆಗೆದರೆ ಅರ್ಧವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆ ನೀವೇ ಟೈಪ್ ಮಾಡಿಕೊಡಬೇಕು" ಎಂದಳು.

ಹೀಗಾಗಿ ಒಂದೇ ಮನೆಯಲ್ಲಿ ಎರಡು ಒಲೆ ಎಂಬ ತೀರ್ಮಾನವಾಯಿತು. ಲ್ಯಾಪ್‌ಟಾಪ್ ಚಾಲೂ ಮಾಡಿದಾಗ ವಿಂಡೋಸ್ ಬೇಕೋ ಲಿನಕ್ಸ್ ಬೇಕೋ ಎಂದು ಕೇಳಬೇಕು, ಬೇಕಾದ್ದನ್ನು ಆರಿಸಿಕೊಳ್ಳಬೇಕು.

ಮೊದಲ ಬಲಿ ಕಾರಿನ ಪೆನ್‌ಡ್ರೈವ್. ಲಿನಕ್ಸನ್ನು ಅದಕ್ಕೆ ಇಳಿಸುವ ತಂತ್ರಾಂಶ, ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂದು ಎಚ್ಚರಿಸಿತು. ಇದರಲ್ಲೇನಿದೆ ಮಹಾ ಎಂದುಕೊಂಡು ಒತ್ತಿದೆ. ದಾಸರ ಪದಗಳಿದ್ದವು ಎಂಬುದು ಮಾರನೆಯ ದಿನ ಮಾವನವರನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯುವಾಗ ತಿಳಿಯಿತು. ಹೋಗಲಿ, ಅದು ಸಣ್ಣ ವಿಷಯ.

ಭಾನುವಾರ ಬೆಳಿಗ್ಗೆ ಕಾಫಿ ಮುಗಿಸಿ ಕುಳಿತೆ. ಏನು ಮಾಡುತ್ತಿದ್ದೀರಿ ಎಂದು ಮಾವನವರು ಕೇಳಿದರು. "ಡಿಸ್ಕನ್ನು ಪಾಲು ಮಾಡುತ್ತಿದ್ದೇನೆ ಮಾವ" ಎಂದೆ. ಪಾಲು ಎಂಬ ಪದ ಕಿವಿಗೆ ಬಿದ್ದದ್ದೇ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡರು. "ಪರದೆ ನೋಡಬೇಡಿ ಎಂದಿದ್ದಾರೆ ಡಾಕ್ಟರು. ನೀವು ಓದಿ ಹೇಳಿ ಅಳಿಯಂದಿರೇ. ಒಟ್ಟು ವಿಸ್ತೀರ್ಣ ಎಷ್ಟು?"

"ಕೊಂಡದ್ದು 1 ಟಿಬಿ, ಅಂದರೆ ಸಾವಿರ ಜಿಬಿ. ಇಲ್ಲಿ 931 ಎಂದು ತೋರಿಸುತ್ತಿದೆ."

"69 ಎಲ್ಲಿ ಹೋಯಿತು? ಒತ್ತುವರಿಯೇ?"

ಒತ್ತುವರಿಯಲ್ಲ, ಮಾರುವವರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಅಳೆಯುತ್ತದೆ, ಜಾಗ ಅಷ್ಟೇ ಇದೆ ಎಂದು ವಿವರಿಸಿದೆ. ಅರ್ಥವಾಗಲಿಕ್ಕಿಲ್ಲ ಎಂದುಕೊಂಡರೆ, "ಓ, ಕ್ರಯಪತ್ರದಲ್ಲಿ ಒಂದು ಸರಪಳಿ, ಸರ್ಕಾರದ್ದು ಇನ್ನೊಂದು ಸರಪಳಿ. ಗೊತ್ತು, ಮುಂದೆ ಹೇಳಿ" ಎಂದರು.

ಮೊದಲಿಗೆ 100 ಎಂಬಿಯ ಇಎಫ್‌ಐ ಎಂಬ ತುಂಡು, ಅದರ ಪಕ್ಕ 16 ಎಂಬಿಯ ಇನ್ನೊಂದು ಚೂರು. ಇವು ಯಾರ ಪಾಲಿಗೂ ಸೇರಿದ್ದಲ್ಲ, ಯಂತ್ರ ಎದ್ದ ಕೂಡಲೇ ಮೊದಲು ಇಎಫ್‌ಐಗೆ ಬಂದು ಅಲ್ಲಿಂದ ಮುಂದಕ್ಕೆ ಹೋಗುತ್ತದೆ, ಲಿನಕ್ಸ್ ಬಂದರೂ ಅದೇ ದಾರಿ ಎಂದೆ. "ಬಿ ಖರಾಬು" ಎಂದು ತಕ್ಷಣ ನಮೂದಿಸಿಕೊಂಡರು. "ಬಂಡಿದಾರಿ. ಅದನ್ನು ಮುಟ್ಟಬೇಡಿ. ಮುಟ್ಟಿದವರು ಯಾರೂ ಉದ್ಧಾರವಾಗಿಲ್ಲ." ಲಿನಕ್ಸ್ ಹಾಕಲು ಹೋಗಿ ಇಎಫ್‌ಐ ಅಳಿಸಿಕೊಂಡು ಕಪ್ಪು ಪರದೆಯ ಮುಂದೆ ಕುಳಿತವರ ಕಥೆ ನನಗೂ ಗೊತ್ತಿತ್ತು. ಈ ಮಾತನ್ನು ಹಾಗೆ ಕುಳಿತವರಿಗೆ ಇಷ್ಟು ಚೆನ್ನಾಗಿ ಯಾರೂ ಹೇಳಿರಲಾರರು.

ಉಳಿದದ್ದು 730 ಜಿಬಿಯ ಸಿ, ಅದರಾಚೆ 200 ಜಿಬಿಯ ಡಿ. ಸಿ ಹೊಟ್ಟೆಯಲ್ಲಿ 500 ಜಿಬಿಗಿಂತ ಹೆಚ್ಚು ಖಾಲಿ ಬಿದ್ದಿತ್ತು. ಅದರಿಂದ 200 ಕಡಿದುಕೊಡು ಎಂದು ವಿಂಡೋಸನ್ನು ಕೇಳಿದರೆ, 41 ಕೊಡಬಲ್ಲೆ ಎಂದಿತು. ಜಿಪುಣತನವಲ್ಲ, ಸರಿಸಲಾಗದ ಕೆಲವು ಕಡತಗಳನ್ನು ಅದು ನಡುಮಧ್ಯದಲ್ಲಿ ಇಟ್ಟುಕೊಂಡಿರುತ್ತದೆ. ಖಾಲಿ ಜಾಗ ಎಷ್ಟಿದ್ದರೂ ಅವುಗಳನ್ನು ದಾಟಿ ಈಚೆಗೆ ಗಡಿ ತರಲಾಗುವುದಿಲ್ಲ.

"ಹೊಲದ ಮಧ್ಯೆ ನಾಗರಕಲ್ಲು" ಎಂದರು ಮಾವನವರು.

ಶಾಸ್ತ್ರೋಕ್ತವಾಗಿ ನಾಗರಕಲ್ಲು ಎಬ್ಬಿಸುವುದರಲ್ಲಿ ಮಧ್ಯಾಹ್ನವಾಯಿತು. ಹೈಬರ್ನೇಶನ್ ನಿಲ್ಲಿಸಿದೆ, ಪೇಜ್‌ಫೈಲ್ ತೆಗೆದೆ, ಹಳೆಯ ರಿಸ್ಟೋರ್ ಪಾಯಿಂಟುಗಳನ್ನು ಅಳಿಸಿದೆ, ಮತ್ತೆ ಚಾಲೂ ಮಾಡಿದೆ. ಈ ಸಲ 200 ಕೊಟ್ಟಿತು. ಅಲ್ಲಿಗೆ ನಿಲ್ಲಿಸಿ, ಆ ಜಾಗವನ್ನು ಬರಿದಾಗಿಯೇ ಬಿಟ್ಟಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. ಖಾಲಿ ಸೈಟು ಬಿಟ್ಟರೆ ಯಾರಾದರೂ ಕಸ ಹಾಕುತ್ತಾರೆ ಎನ್ನುವ ಮಧ್ಯಮವರ್ಗದ ಭಯವೋ ಏನೋ, ಅದನ್ನೂ ಫಾರ್ಮ್ಯಾಟ್ ಮಾಡಿ ಇ ಎಂದು ಹೆಸರಿಟ್ಟೆ.

"ಮೂಲ ಟಿಪ್ಪಣಿಯ ನಕಲು ಇಟ್ಟುಕೊಂಡಿದ್ದೀರಾ?" ಎಂದರು ಮಾವನವರು ಊಟಕ್ಕೆ ಏಳುವಾಗ. ಬ್ಯಾಕಪ್ ಇದೆಯೇ ಎಂದು ಕೇಳುತ್ತಿದ್ದಾರೆಂದು ಅರ್ಥವಾಯಿತು. ಇದೆ ಎಂದೆ. ಸುಳ್ಳಲ್ಲ. ಇತ್ತು, ಮೂರು ವರ್ಷ ಹಳೆಯದು.

ಊಟ ಮಾಡಿ ಅವರು ಮಲಗಿದರು. ನಾನು ಪೆನ್‌ಡ್ರೈವ್ ಚುಚ್ಚಿ ಲಿನಕ್ಸ್ ಮಿಂಟ್ ಎಬ್ಬಿಸಿದೆ. ಎಲ್ಲಿ ಹಾಕಲಿ ಎಂದು ಅದು ಕೇಳಿತು. ನಾನೇ ಆರಿಸುತ್ತೇನೆ ಎಂದೆ. ಪಟ್ಟಿಯೊಂದು ತೆರೆಯಿತು. ಅಲ್ಲಿ ಸಿ ಇಲ್ಲ, ಡಿ ಇಲ್ಲ, ಇ ಇಲ್ಲ. ಎಸ್‌ಡಿಎ1, ಎಸ್‌ಡಿಎ2, ಎಸ್‌ಡಿಎ3, ಆಮೇಲೆ ಎಸ್‌ಡಿಎ5, ಕೊನೆಗೆ ಎಸ್‌ಡಿಎ4. ಕೊನೆಯ ಎರಡರ ಮುಂದೆಯೂ ಎನ್‌ಟಿಎಫ್‌ಎಸ್, ಅಂದರೆ ವಿಂಡೋಸ್ ಕಡತಗಳನ್ನು ಜೋಡಿಸಿಡುವ ಪದ್ಧತಿ. ಎರಡರ ಮುಂದೆಯೂ 214748 ಎಂಬಿ, ಸಾವಿರದ ಲೆಕ್ಕದಲ್ಲಿ ಅದೇ 200 ಜಿಬಿ. ಅವಳಿ ಮಕ್ಕಳು.

ಎ, ಬಿ, ಸಿ, ಡಿ, ಇ. ಇ ಕೊನೆಯದು. ಆದ್ದರಿಂದ ಪಟ್ಟಿಯ ಕೊನೆಯ ಸಾಲೇ ಇ. ಒಂದನೆಯ ತರಗತಿಯಿಂದ ನನ್ನ ಕೈ ಬಿಡದ ಜ್ಞಾನ ಇದೊಂದೇ, ಅದನ್ನೇ ನಂಬಿದೆ. ಪಕ್ಕದಲ್ಲಿ ಎಷ್ಟು ಬಳಕೆಯಾಗಿದೆ ಎಂಬ ಕಾಲಂ ಇತ್ತು. ಹೊಸದಾಗಿ ಕಡಿದ ಪಾಲಿನಲ್ಲಿ ಏನೂ ಇರಬಾರದಲ್ಲ, ಇದರಲ್ಲೇಕೆ ಇಷ್ಟು ದೊಡ್ಡ ಅಂಕಿ ಇದೆ ಎಂದು ಕೇಳಿಕೊಳ್ಳುವಷ್ಟು ವ್ಯವಧಾನ ಊಟವಾದ ಮೇಲೆ ಯಾರಿಗಿರುತ್ತದೆ? ಕೊನೆಯ ಸಾಲನ್ನು ಆರಿಸಿ, ಲಿನಕ್ಸಿನ ಪದ್ಧತಿಯಾದ ಎಕ್ಸ್ಟ್4 ಎಂದು ಗುರುತು ಹಾಕಿ, ಫಾರ್ಮ್ಯಾಟ್ ಮಾಡು ಎಂದು ಚೌಕದಲ್ಲಿ ಟಿಕ್ ಮಾಡಿದೆ. ಡಿಸ್ಕಿಗೆ ಬರೆಯಲೇ ಎಂದು ಇನ್ನೊಮ್ಮೆ ಕೇಳಿತು, ಪಾಪ. ಬರೆ ಎಂದೆ.

ಅರ್ಧ ಗಂಟೆಯಲ್ಲಿ ಲಿನಕ್ಸ್ ಬಂದು ಕುಳಿತಿತು. ಹಸಿರು ಬಣ್ಣದ ಗುರುತು, ಚಂದದ ಪರದೆ, ಏಳು ಸೆಕೆಂಡಿನಲ್ಲಿ ತೆರೆಯುವ ಬ್ರೌಸರ್. ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಮೆಚ್ಚಲಿಲ್ಲ, ವಿಂಡೋಸ್‌ಗೆ ಹೋಗಿ ತೋರಿಸಿ ಎಂದಳು. ಅದೂ ಎದ್ದಿತು. ನಾನು ಕಾಲರ್ ಸರಿಮಾಡಿಕೊಂಡೆ.

"ರೀ, ಡಿ ಎಲ್ಲಿ?"

ಸಿ ಇತ್ತು. ಇ ಇತ್ತು, ತೊಳೆದಿಟ್ಟ ಪಾತ್ರೆಯಂತೆ ಖಾಲಿಯಾಗಿ. ನಡುವಿನವನು ಇರಲಿಲ್ಲ.

ಮಾವನವರು ಎದ್ದು ಬಂದು, ಪಟ್ಟಿಯನ್ನು ಇನ್ನೊಮ್ಮೆ ನನ್ನಿಂದ ಸಾಲುಸಾಲಾಗಿ ಓದಿಸಿಕೊಂಡರು. ಅವರು ಬೈಯಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. "ಅಳಿಯಂದಿರೇ, ಊರವರು ಹೊಂಗೆಮರದ ಹೊಲ ಅನ್ನುತ್ತಾರೆ, ಪಹಣಿಯಲ್ಲಿ 47/3 ಇರುತ್ತದೆ. ಸಿ, ಡಿ, ಇ ಎನ್ನುವುದು ಊರು ಕರೆಯುವ ಹೆಸರು. ಎಸ್‌ಡಿಎ4 ಎನ್ನುವುದು ಸರ್ವೆ ನಂಬರು, ಹಿಸ್ಸೆ ನಂಬರು. ಹೆಸರು ನಂಬಿ ನೇಗಿಲು ಹೂಡಿದರೆ ಪಕ್ಕದವನ ರಾಗಿ ಉತ್ತಂತೆಯೇ." ಸ್ವಲ್ಪ ಹೊತ್ತು ಬಿಟ್ಟು, "ಸಿಯ ಹಿತ್ತಿಲು ಕಡಿದು ಮಾಡಿದ ಹಿಸ್ಸೆ ಸಿಗೂ ಡಿಗೂ ಮಧ್ಯೆ ತಾನೇ ಬರಬೇಕು? ಕೊನೆಗೆ ಹೇಗೆ ಹೋಯಿತು?" ಎಂದರು. ಹೊಸದಾಗಿ ಹುಟ್ಟಿದ್ದರಿಂದ ಅದಕ್ಕೆ ಐದನೆಯ ನಂಬರು ಸಿಕ್ಕಿದೆ, ನೆಲದ ಮೇಲೆ ಮಾತ್ರ ಅದು ನಾಲ್ಕನೆಯದಕ್ಕಿಂತ ಮೊದಲೇ ಇದೆ. ಕಪ್ಪು ಕನ್ನಡಕದೊಳಗಿಂದ ಅವರಿಗೆ ಕಂಡದ್ದು ಬರಿಗಣ್ಣಿನ ನನಗೆ ಕಂಡಿರಲಿಲ್ಲ.

ಫಾರ್ಮ್ಯಾಟ್ ಮಾಡಿದರೆ ಎಲ್ಲವೂ ಆ ಕ್ಷಣವೇ ಒರೆಸಿಹೋಗುವುದಿಲ್ಲ, ಖಾತೆಯ ಪುಸ್ತಕವಷ್ಟೇ ಬದಲಾಗುತ್ತದೆ, ಫಸಲು ಬಹುಮಟ್ಟಿಗೆ ನೆಲದಲ್ಲೇ ಇರುತ್ತದೆ ಎಂದು ಗೆಳೆಯನೊಬ್ಬ ಫೋನಿನಲ್ಲಿ ಧೈರ್ಯ ಹೇಳಿದ. ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಹಾಕಿಸಿದ. ಸಿಕ್ಕಿದ್ದನ್ನು ಅಲ್ಲಿಗೇ ಬರೆಯಬಾರದು, ಬೇರೆ ಜಾಗ ಬೇಕು ಎಂದ. ಇ ಖಾಲಿಯಿತ್ತಲ್ಲ. ಲಿನಕ್ಸ್‌ಗೆಂದು ಕಡಿದ ಜಾಗ ಡಿಯ ನಿರಾಶ್ರಿತರ ಶಿಬಿರವಾಯಿತು. ಪೆನ್‌ಡ್ರೈವಿನಿಂದಲೇ ಯಂತ್ರವನ್ನು ಎಬ್ಬಿಸಿ, ರಾತ್ರಿಯೆಲ್ಲ ಹುಡುಕಲು ಬಿಟ್ಟು ಮಲಗಿದೆ. ನಿದ್ದೆ ಬರಲಿಲ್ಲ.

ಈ ನಡುವೆ ಇನ್ನೊಂದು. ಬೆಳಿಗ್ಗೆ ಎಂಟಕ್ಕೆ ಹೆಂಡತಿ ವಿಂಡೋಸ್ ತೆರೆದರೆ ಗಡಿಯಾರ ರಾತ್ರಿ ಎರಡೂವರೆ ತೋರಿಸುತ್ತಿತ್ತು. ಲಿನಕ್ಸ್ ಯಂತ್ರದೊಳಗಿನ ಗಡಿಯಾರವನ್ನು ಯುಟಿಸಿಯಲ್ಲಿ, ಅಂದರೆ ಹೆಚ್ಚುಕಡಿಮೆ ಗ್ರೀನಿಚ್ಚಿನ ಸಮಯದಲ್ಲಿ ಇಡುತ್ತದೆ. ವಿಂಡೋಸ್ ಅದನ್ನೇ ನಮ್ಮೂರ ಸಮಯವೆಂದು ನಂಬುತ್ತದೆ. ಐದೂವರೆ ಗಂಟೆ ಮಾಯ. ಆ ಗಡಿಯಾರದ ಹೆಸರೇ ಆರ್‌ಟಿಸಿ. ಗೆಳೆಯನಿಗೆ ಮತ್ತೆ ಫೋನು ಮಾಡಿ ಜೋರಾಗಿ ಮಾತಾಡುತ್ತಿದ್ದೆ: "ಆರ್‌ಟಿಸಿ ತಪ್ಪಾಗಿದೆಯಲ್ಲ, ಅದನ್ನು ಲೋಕಲ್ ಮಾಡಲು ಒಂದು ಆದೇಶ ಕೊಟ್ಟರೆ ಸಾಕೇ?"

ಪಡಸಾಲೆಯಿಂದ ಮಾವನವರು ಕೂಗಿದರು: "ಆರ್‌ಟಿಸಿ ತಿದ್ದುಪಡಿಯೇ? ಅದಕ್ಕೆ ತಹಶೀಲ್ದಾರರ ಆದೇಶ ಬೇಕು! ಯಾವ ಸರ್ವೆ ನಂಬರು?"

ಫೋಟೋರೆಕ್ ಕೆಲಸ ಮಾಡಿತು, ಆದರೆ ಅದಕ್ಕೆ ಹೆಸರುಗಳ ಹಂಗಿಲ್ಲ. ಸಾವಿರಾರು ಕಡತಗಳು ಸಿಕ್ಕವು, ಎಲ್ಲದಕ್ಕೂ ಎಫ್ ಎಂಬ ಅಕ್ಷರ, ಮುಂದೆ ಉದ್ದನೆಯ ಒಂದು ಅಂಕಿ. ಜಾತ್ರೆಯಲ್ಲಿ ಕಳೆದ ಮಕ್ಕಳೆಲ್ಲ ಸಿಕ್ಕಿದ್ದಾರೆ, ಯಾವುದು ಯಾರ ಮಗು ಗೊತ್ತಿಲ್ಲ. ನಾಲ್ಕು ರಾತ್ರಿ ನಾವಿಬ್ಬರೂ ಕುಳಿತು ಒಂದೊಂದೇ ತೆರೆದು ಬೇರೆಬೇರೆ ಮಾಡಿದೆವು. ಲಿನಕ್ಸ್ ಬಂದು ಕುಳಿತ ಜಾಗದಲ್ಲಿದ್ದವು ಹೋದವು. ಒಂದು ಮದುವೆಯ ವಿಡಿಯೋ ಅರ್ಧಕ್ಕೇ ನಿಲ್ಲುತ್ತದೆ, ಧಾರೆಗೆ ಮುಂಚೆಯೇ. ಪ್ರಶ್ನೆಪತ್ರಿಕೆಗಳು ಬಹುತೇಕ ಸಿಕ್ಕವು. ಮಾವನವರು ಆಗಾಗ ಬಂದು, "ಎಷ್ಟು ಕುಟುಂಬಗಳಿಗೆ ಪುನರ್ವಸತಿಯಾಯಿತು?" ಎಂದು ವಿಚಾರಿಸಿ ಹೋಗುತ್ತಿದ್ದರು.

ಇಲ್ಲಿ ಒಂದು ತಾಂತ್ರಿಕ ವಿಷಯವನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಈ ತಂತ್ರಾಂಶ ಈಚೆಗೆ ಕಳೆದದ್ದು ಯಾವುದು, ವರ್ಷಗಳ ಹಿಂದೆ ಬೇಕೆಂದೇ ಅಳಿಸಿದ್ದು ಯಾವುದು ಎಂದು ಭೇದ ಮಾಡುವುದಿಲ್ಲ. ನೆಲದಲ್ಲಿ ಹೂತಿದ್ದನ್ನೆಲ್ಲ ಅಗೆದು ಅಂಗಳದಲ್ಲಿ ಹರಡುತ್ತದೆ. ನಾಲ್ಕನೆಯ ರಾತ್ರಿ ಹೆಂಡತಿ ಒಂದು ಪಿಡಿಎಫ್ ತೆರೆದು ಬಹಳ ಹೊತ್ತು ಸುಮ್ಮನಿದ್ದಳು. 2021ರಲ್ಲಿ ಕೊಂಡ ಕ್ಯಾಮೆರಾ ಲೆನ್ಸಿನ ಬಿಲ್ಲು. ಎಂಟು ಸಾವಿರ ಎಂದು ಹೇಳಿದ್ದೆ. ಬಿಲ್ಲಿನಲ್ಲಿ 23,500 ಇತ್ತು. ಅದನ್ನು ಅಂದೇ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದ್ದೆ.

"ಇದು ಯಾರ ಮಗು?" ಎಂದಳು.

ಊರಿಗೆ ಹೊರಡುವ ಮುನ್ನ ಮಾವನವರಿಗೆ ಪರದೆ ನೋಡಲು ಅನುಮತಿ ಸಿಕ್ಕಿತ್ತು. ಒಂದು ಬಿಳಿಯ ಹಾಳೆ, ಸ್ಕೇಲು, ಪೆನ್ಸಿಲ್ ಕೇಳಿ ಪಡೆದು ಲ್ಯಾಪ್‌ಟಾಪಿನ ನಕ್ಷೆ ಬರೆದರು. ಪಶ್ಚಿಮಕ್ಕೆ ಬಂಡಿದಾರಿ, 100 ಎಂಬಿ, ಬಿ ಖರಾಬು. ಅದರ ಪೂರ್ವಕ್ಕೆ ಹಿಸ್ಸೆ 3, ಊರ ಹೆಸರು ಸಿ, ಅನುಭವದಾರರು ಮಗಳು. ಹಿಸ್ಸೆ 5, ಇ, ಪುನರ್ವಸತಿ. ಕೊನೆಗೆ ಹಿಸ್ಸೆ 4, ಹಿಂದೆ ಡಿ, ಈಗ ಲಿನಕ್ಸ್, ಅನುಭವದಾರರು ಅಳಿಯಂದಿರು. ಗಡಿಗಳಲ್ಲಿ ಪುಟ್ಟ ಪುಟ್ಟ ತ್ರಿಕೋನದ ಕಲ್ಲುಗಳು. ಕೆಳಗೆ ದಿನಾಂಕ, ಅವರ ಮುತ್ತಿನಂಥ ಅಕ್ಷರದ ಸಹಿ.

ಅದನ್ನು ಬೀರುವಿನ ಬಾಗಿಲಿಗೆ ಅಂಟಿಸಿದ್ದೇವೆ. ಹಿಸ್ಸೆ 4ರ ಒಳಗೆ, ಋಣಭಾರ ಬರೆಯಲೆಂದು ಮಾವನವರು ಬಿಟ್ಟಿದ್ದ ಜಾಗದಲ್ಲಿ, ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನಿನಿಂದ ಯಾರೋ 15,500 ಎಂದು ಬರೆದು, ಅಡಿಗೆರೆ ಎಳೆದಿದ್ದಾರೆ.