ಅದು ಬೀಳು ಜಮೀನಲ್ಲ, ಗುಂಡುತೋಪು

ಬೆಂಗಳೂರಿನ ಬಡಾವಣೆಗಳ ಬಗ್ಗೆ ಬರೆಯುತ್ತಾ "ಮೊದಲು ಇಲ್ಲೆಲ್ಲ ಬರೀ ಬೀಳು ಜಮೀನು" ಅಂದುಬಿಟ್ಟಿದ್ದೀರಿ. ಈ ಮಾತು ಮಾತ್ರ ಒಪ್ಪಲ್ಲ ಸಾರ್. ಬನ್ನೇರುಘಟ್ಟ ರಸ್ತೆ ಕಡೆಯ ನಮ್ಮ ಹಳ್ಳಿಯಲ್ಲಿ ಗುಂಡುತೋಪು ಇತ್ತು. ಕಂದಾಯ ದಾಖಲೆಯಲ್ಲೂ ಹಾಗೇ ಬರೆದಿರುತ್ತಾರೆ, ಯಾರ ಸ್ವಂತದ್ದೂ ಅಲ್ಲ, ಊರಿಗೆ ಸೇರಿದ್ದು. ಮಾವು, ಹುಣಸೆ, ನೇರಳೆ, ಹೊಂಗೆ. ಮಾವಿನ ಫಸಲು ಪ್ರತಿ ವರ್ಷ ಹರಾಜಾಗುತ್ತಿತ್ತು, ಆದರೆ ಗಾಳಿಗೆ ಬಿದ್ದ ಕಾಯಿ ನಮ್ಮ ಪಾಲು ಅಂತ ಹೇಳದೇ ಇದ್ದ ಒಂದು ಒಪ್ಪಂದ, ಹಾಗಾಗಿ ಮಳೆಗಾಳಿ ಬಂದ ರಾತ್ರಿ ನಮಗೆ ನಿದ್ದೆಯೇ ಇಲ್ಲ, ಬೆಳಕು ಹರಿಯೋ ಮೊದಲೇ ಚೀಲ ಹಿಡಿದು ಓಟ. ಅಜ್ಜಿ ಹೊಂಗೆ ಬೀಜ ಆಯ್ದು ಗಾಣಕ್ಕೆ ಕೊಡುತ್ತಿದ್ದರು. ಸಂಕ್ರಾಂತಿಗೆ ದನಗಳಿಗೆ ಕಿಚ್ಚು ಹಾಯಿಸುತ್ತಿದ್ದುದೂ ಅದರ ಪಕ್ಕದ ಬಯಲಲ್ಲೇ.

ಎಲ್ಲ ಚೆನ್ನಾಗಿತ್ತು ಅಂತ ಸುಮ್ನೆ ಹೊಗಳೋದಿಲ್ಲ. ಹಳ್ಳಿ ಅಂದ ಮೇಲೆ ಜಾತಿ ಇತ್ತು, ಯಾರು ಯಾವ ಮರದ ಕೆಳಗೆ ಕೂರಬೇಕು ಅನ್ನೋದೂ ಇತ್ತು. ನಾನೂ ಇವತ್ತು ಆ ತೋಪು ಹೋಗಿ ಎದ್ದ ಬಡಾವಣೆಯ 30×40 ಸೈಟಿನಲ್ಲೇ ಮನೆ ಕಟ್ಟಿಕೊಂಡು ಇದ್ದೇನೆ, ಅದೂ ನಿಜ. ಆದರೆ "ಪಾರ್ಕ್ ಬಂದ ಮೇಲೆ ಹಸಿರು ಬಂತು" ಅಂತೀರಲ್ಲ, ಆ ಪಾರ್ಕಿಗೆ ಮಧ್ಯಾಹ್ನ ಬೀಗ, ಹುಲ್ಲು ತುಳಿಯಬೇಡಿ ಅಂತ ಬೋರ್ಡು ಬೇರೆ. ತೋಪಿನದು ಅಂತ ಉಳಿದಿರೋದು ಟ್ರಾನ್ಸ್‌ಫಾರ್ಮರ್ ಪಕ್ಕದ ಒಂದು ನೇರಳೆ ಮರ. ಹಣ್ಣು ಬಿದ್ದು ಕಾರು ಕಲೆಯಾಗುತ್ತೆ ಅಂತ ಅದನ್ನೂ ಕಡಿಸೋಕೆ ಈಗ ಸಹಿ ಸಂಗ್ರಹ ನಡೀತಿದೆ.